ಚುಕ್ಕಿ ಹೇಳಿದ್ದು, ನಾವು ಕೇಳಿಸಿಕೊಂಡಿದ್ದು

52.67 ಗಂಟೆ. ಈ ಸಂಖ್ಯೆ ನನ್ನ ತಲೆಯಲ್ಲಿ ಕೂತು ಬಹಳ ದಿನವಾಯಿತು. ಡಿಂಕಿನೇಶ್ ಅನ್ನುವ ಪುಟ್ಟ ಕ್ಷುದ್ರಗ್ರಹ ತನ್ನ ಸುತ್ತ ತಾನು ಒಮ್ಮೆ ತಿರುಗಲು ತೆಗೆದುಕೊಳ್ಳುವ ಸಮಯ ಇದು ಅಂತ 2023ರಲ್ಲಿ ಭೂಮಿಯ ಟೆಲಿಸ್ಕೋಪುಗಳ ಲೆಕ್ಕ ಹೇಳಿತ್ತು. ಅದೇ ವರ್ಷ ನವೆಂಬರ್ 1ಕ್ಕೆ ನಾಸಾದ ಲೂಸಿ ನೌಕೆ ಅದರ ಪಕ್ಕದಲ್ಲೇ, ಸುಮಾರು 430 ಕಿ.ಮೀ. ದೂರದಲ್ಲಿ ಹಾದುಹೋಯಿತು. ನೋಡಿದರೆ ಡಿಂಕಿನೇಶ್ ಅಷ್ಟು ನಿಧಾನದ ಆಸಾಮಿಯೇ ಅಲ್ಲ. ಮೂರೂಮುಕ್ಕಾಲು ಗಂಟೆಗೆ ಒಂದು ಸುತ್ತು! ಹಾಗಾದರೆ 52.67 ಸುಳ್ಳಾ? ಅದೂ ಅಲ್ಲ. ಡಿಂಕಿನೇಶ್‌ಗೆ ಒಂದು ಚಂದ್ರ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಆ ಚಂದ್ರ ಒಂದು ಸುತ್ತು ಬರಲು ಹಿಡಿಯುವ ಸಮಯ ಸರಿಯಾಗಿ 52.67 ಗಂಟೆ. ಸಂಖ್ಯೆ ನಿಜ, ಆದರೆ ಅದು ಬೇರೆಯವರದು.

ನೌಕೆಗಳ ಸುದ್ದಿ ಬಂದಾಗಲೆಲ್ಲ ನಾವು ಓದುವುದು ಒಂದೇ ಧಾಟಿ. ಟೆಲಿಸ್ಕೋಪಿಗೆ ಬರೀ ಚುಕ್ಕಿಯಾಗಿ ಕಾಣುತ್ತಿದ್ದದ್ದು ನೌಕೆ ಹತ್ತಿರ ಹೋದಾಗ ಒಂದು ಲೋಕವಾಯಿತು, ಇತ್ಯಾದಿ. ಹಾಗೆ ಬರೆದಾಗ ಮೊದಲು ನಡೆದ ಕೆಲಸ ಸುಮ್ನೆ ಮುನ್ನುಡಿ ಅನ್ನಿಸಿಬಿಡುತ್ತದೆ. ನನಗೆ ಹಾಗನ್ನಿಸುವುದಿಲ್ಲ. ರಾತ್ರಿ ಹೈವೇಯಲ್ಲಿ ಎದುರಿನಿಂದ ಒಂದೇ ಲೈಟು ಬರುತ್ತಿದ್ದರೆ ಬೈಕು ಅಂದುಕೊಳ್ಳುತ್ತೇವೆ. ಹತ್ತಿರ ಬಂದಾಗ ನೋಡಿದರೆ ಒಂದು ಹೆಡ್‌ಲೈಟ್ ಕೆಟ್ಟ ಲಾರಿ. ಲೈಟು ಒಂದೇ ಅನ್ನುವುದು ಸುಳ್ಳಾಗಿರಲಿಲ್ಲ, ಬೈಕು ಅನ್ನುವುದು ನಾವು ಸೇರಿಸಿದ್ದು. ದೂರದಿಂದ ನೋಡುವವರ ಕಷ್ಟವೆಲ್ಲ ಇರುವುದು ಈ ಸೇರಿಸುವ ಜಾಗದಲ್ಲಿ.

ಏರುವ ಇಳಿಯುವ ಬೆಳಕು

ಡಿಂಕಿನೇಶ್ ಮುಕ್ಕಾಲು ಕಿಲೋಮೀಟರೂ ಇಲ್ಲದ ಕಲ್ಲು. ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿ ಅಂಥವು ಲೆಕ್ಕವಿಲ್ಲದಷ್ಟಿವೆ. ಲೂಸಿ ಹೊರಟಾಗ ಅದು ನೋಡಬೇಕಾದ ಕಲ್ಲುಗಳಲ್ಲಿ ಇದು ಇರಲೇ ಇಲ್ಲ. ನೌಕೆಯ ದಾರಿಯಿಂದ 64,000 ಕಿ.ಮೀ. ದೂರದಲ್ಲಿ ಇದು ಸಿಗುತ್ತದೆ ಅಂತ ಫ್ರಾನ್ಸಿನ ನೀಸ್ ವೀಕ್ಷಣಾಲಯದ ಒಬ್ಬ ವಿಜ್ಞಾನಿ ಕಂಡುಕೊಂಡರು. ದಾರಿಯನ್ನು ಚೂರು ತಿರುಗಿಸಿದರೆ ಹತ್ತಿರದಿಂದಲೇ ನೋಡಬಹುದಿತ್ತು. ವೇಗವಾಗಿ ದಾಟಿಹೋಗುವಾಗಲೂ ಗುರಿಯನ್ನು ಕ್ಯಾಮೆರಾದ ಎದುರಿಗೇ ಇಟ್ಟುಕೊಳ್ಳುವ ವ್ಯವಸ್ಥೆ ನೌಕೆಯಲ್ಲಿದೆ. ಅದನ್ನು ಪರೀಕ್ಷಿಸಲು ಒಳ್ಳೆ ಅವಕಾಶ. 2023ರ ಜನವರಿಯಲ್ಲಿ ಹೊಸ ಗುರಿ ಪ್ರಕಟವಾಯಿತು. ನೌಕೆ ಹೋಗುವ ಮೊದಲು ಇದರ ಬಗ್ಗೆ ಆದಷ್ಟು ತಿಳಿದುಕೊಳ್ಳಬೇಕು ಅಂತ ಟೆಲಿಸ್ಕೋಪುಗಳು ಆ ಚುಕ್ಕಿಯ ಬೆನ್ನು ಬಿದ್ದವು.

ಚುಕ್ಕಿಯಿಂದ ಏನು ತಿಳಿಯಬಹುದು? ಮೊದಲನೆಯದು ಅದರ ಬೆಳಕಿನ ಏರಿಳಿತ. ಉದ್ದನೆಯ ಕಲ್ಲು ತಿರುಗುವಾಗ ಅಗಲದ ಮೈ ನಮ್ಮ ಕಡೆ ಬಂದರೆ ಬೆಳಕು ಜಾಸ್ತಿ, ತುದಿ ಬಂದರೆ ಕಡಿಮೆ. ಒಂದು ಸುತ್ತಿನಲ್ಲಿ ಎರಡು ಸಲ ಏರು, ಎರಡು ಸಲ ಇಳಿ. ರಾತ್ರಿಯಿಡೀ ಫೋಟೋ ತೆಗೆದು, ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಬೆಳಕನ್ನು ಅಳೆದು ಗ್ರಾಫ್ ಹಾಕುತ್ತಾರೆ. ಆ ಜೋಡಿ ಏರಿಳಿತ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಅನ್ನುವುದೇ ತಿರುಗುವ ಸಮಯ. ಹೇಳಲು ಸುಲಭ. ಆದರೆ ಎರಡು ದಿನಕ್ಕಿಂತ ಜಾಸ್ತಿ ಹಿಡಿಯುವ ಏರಿಳಿತ ಒಂದು ರಾತ್ರಿಯಲ್ಲಿ ಪೂರ್ತಿ ಸಿಗುವುದಿಲ್ಲ. ಬೆಳಗಾಗುತ್ತದೆ, ಮೋಡ ಬರುತ್ತದೆ, ಚಂದ್ರ ಅಡ್ಡ ಬರುತ್ತಾನೆ. ಬೇರೆ ಬೇರೆ ರಾತ್ರಿಗಳ ತುಂಡುಗಳನ್ನು ಒಂದರ ಮೇಲೊಂದು ಹೊಂದಿಸಬೇಕು. ಅಷ್ಟೆಲ್ಲ ಮಾಡಿ ಅವರು 52.67 ಅಂತ ಬರೆದರು. ನೂರನೇ ಒಂದರ ತನಕ.

ಇನ್ನು ನಿಜ ಸಂಗತಿ. ಡಿಂಕಿನೇಶ್ ಹೆಚ್ಚುಕಮ್ಮಿ ದುಂಡಗಿದೆ. ಹಾಗಾಗಿ ಅದು ಎಷ್ಟು ಬೇಗ ತಿರುಗಿದರೂ ಬೆಳಕು ಅಷ್ಟೇನೂ ಬದಲಾಗುವುದಿಲ್ಲ. ಅದರಿಂದ ಸುಮಾರು 3 ಕಿ.ಮೀ. ದೂರದಲ್ಲಿ ಸುತ್ತುವ ಚಂದ್ರ ಮಾತ್ರ ಉದ್ದಕ್ಕಿದೆ, ಮತ್ತು ನಮ್ಮ ಚಂದ್ರನ ಹಾಗೆ ಯಾವಾಗಲೂ ಒಂದೇ ಮುಖ ತೋರಿಸಿಕೊಂಡು ಸುತ್ತುತ್ತದೆ. ಹಾಗಾಗಿ ಅದು ತನ್ನ ಸುತ್ತ ತಿರುಗುವ ಸಮಯವೂ ಡಿಂಕಿನೇಶ್ ಸುತ್ತ ಬರುವ ಸಮಯವೂ ಒಂದೇ. ಗ್ರಾಫಿನಲ್ಲಿ ಕಂಡದ್ದು ಅದರ ಏರಿಳಿತ. ದೊಡ್ಡವನು ಸುಮ್ಮನಿದ್ದ, ಮಾತಾಡಿದ್ದು ಚಿಕ್ಕವನು. ಹತ್ತಿರ ಹೋಗುತ್ತಿದ್ದಾಗಲೇ ಲೂಸಿಗೆ ಕಾಣುತ್ತಿದ್ದ ಬೆಳಕಿನ ವರ್ತನೆ ನೋಡಿ, ಎರಡು ಕಲ್ಲು ಇರಬಹುದಾ ಅನ್ನುವ ಅನುಮಾನ ತಂಡದವರಿಗೆ ಬಂದಿತ್ತಂತೆ. ಮೊದಲ ಫೋಟೋದಲ್ಲಿ ಚಂದ್ರ ಸಿಕ್ಕೇಬಿಟ್ಟ. ಎಲ್ಲರೂ ಖುಷಿಪಟ್ಟರು. ಕೆಲ ದಿನಗಳ ಮೇಲೆ ಉಳಿದ ಫೋಟೋಗಳು ಇಳಿದವು. ನೌಕೆ ದಾಟಿ ಆರು ನಿಮಿಷದ ನಂತರದ ಒಂದು ಚಿತ್ರದಲ್ಲಿ ಆ ಚಂದ್ರ ಎರಡಾಗಿ ಕಂಡಿತು. ಒಂದೊಂದೂ ಇನ್ನೂರು ಮೀಟರ್ ಚಿಲ್ಲರೆ ಅಗಲದ ಎರಡು ಬಂಡೆ, ಒಂದಕ್ಕೊಂದು ತಾಗಿಕೊಂಡು ನಿಂತಿವೆ. ಮೊದಲ ಫೋಟೋದಲ್ಲಿ ಒಂದರ ಹಿಂದೆ ಇನ್ನೊಂದು ಅಡಗಿತ್ತು, ಅಷ್ಟೇ. ಅಂದರೆ ನೌಕೆಯೂ ಮೊದಲ ನೋಟಕ್ಕೆ ಪೂರ್ತಿ ಹೇಳಲಿಲ್ಲ. ಈ ಜೋಡಿ ಚಂದ್ರಕ್ಕೆ ಸೆಲಾಮ್ ಅಂತ ಹೆಸರಿಟ್ಟರು.

ಅತ್ತೆ ಕೇಳಿದ ಪ್ರಶ್ನೆ

ಈ ವಿಷಯದಲ್ಲಿ ನನಗೆ ಆಸಕ್ತಿ ಹತ್ತಿದ್ದು ಅರಸೀಕೆರೆ ಕಡೆಯ ನಮ್ಮ ಹಳೇ ಮನೆಯ ತಾರಸಿಯಲ್ಲಿ. ಗೆಳೆಯನೊಬ್ಬ ಆರಿಂಚಿನ ಟೆಲಿಸ್ಕೋಪ್ ತಂದಿದ್ದ. ವೆಸ್ಟಾ ಹುಡುಕುವುದು ನಮ್ಮ ಗುರಿ. ಕ್ಷುದ್ರಗ್ರಹಗಳಲ್ಲೇ ಹೆಚ್ಚು ಹೊಳೆಯುವಂಥದ್ದು ಅದು. ಆದರೂ ಐಪೀಸ್‌ನಲ್ಲಿ ಅದು ನಕ್ಷತ್ರದ ಹಾಗೇ ಒಂದು ಚುಕ್ಕಿ. ಯಾವುದು ವೆಸ್ಟಾ, ಯಾವುದು ನಕ್ಷತ್ರ ಅಂತ ನೋಡಿದ ಕೂಡಲೇ ಹೇಳಲು ಆಗುವುದಿಲ್ಲ. ಹಾಗಾಗಿ ಟಾರ್ಚಿಗೆ ಕೆಂಪು ಬಣ್ಣದ ಹಾಳೆ ಸುತ್ತಿ, ನೋಟ್‌ಬುಕ್ಕಿನಲ್ಲಿ ಒಂದು ವೃತ್ತ ಬರೆದು, ಕಂಡ ಚುಕ್ಕಿಗಳನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿದೆವು. ಮರುದಿನ ಅದೇ ಜಾಗ ನೋಡಿ ಇನ್ನೊಂದು ವೃತ್ತ. ಎಲ್ಲ ಚುಕ್ಕಿಗಳೂ ಅಲ್ಲಲ್ಲೇ ಇದ್ದವು. ಒಂದು ಮಾತ್ರ ಚೂರು ಜರುಗಿತ್ತು.

ಅತ್ತೆ ಇನ್ನೂ ಎದ್ದಿದ್ದರು. ಒಣ ಹಾಕಿದ್ದ ಕೊಬ್ಬರಿಗೆ ಇಬ್ಬನಿ ಬೀಳುತ್ತೆ ಅಂತ ಟಾರ್ಪಾಲು ಹೊದಿಸಲು ಮೇಲೆ ಬಂದವರು ನಮ್ಮ ನೋಟ್‌ಬುಕ್ ನೋಡಿದರು.

"ಅದೇ ಅಂತ ಹೆಂಗೆ ಗೊತ್ತಾಯ್ತೋ?"

"ನಿನ್ನೆ ಇಲ್ಲಿತ್ತು ಅತ್ತೆ, ಇವತ್ತು ಇಲ್ಲಿಗೆ ಬಂದಿದೆ."

"ಜಾಗ ಬಿಟ್ಟಿದ್ದಕ್ಕೆ ಸಿಕ್ಕಾಕ್ಕೊಂಡ್ತು ಅನ್ನು."

ಐಪೀಸಿಗೆ ಕಣ್ಣಿಟ್ಟು ನೋಡಿದರು. ಅಷ್ಟೇನೂ ಮೆಚ್ಚಿದ ಹಾಗೆ ಕಾಣಲಿಲ್ಲ. "ಎಷ್ಟು ದಪ್ಪ ಇದೆ ಇದು?" ಅಂದರು. ಐನೂರು ಕಿಲೋಮೀಟರಿಗೂ ಜಾಸ್ತಿ ಅಂದೆ. "ಅಳತೆ ಹಾಕಿದೋರು ಯಾರು?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಟಾರ್ಪಾಲಿನ ತುದಿಗೆ ಕಲ್ಲು ಇಟ್ಟು ಕೆಳಗಿಳಿದು ಹೋದರು.

ಬಹಳ ಒಳ್ಳೆ ಪ್ರಶ್ನೆ ಅದು. ಬರೀ ಬೆಳಕಿನಿಂದ ಗಾತ್ರ ಸಿಗುವುದಿಲ್ಲ. ಬಿಳುಪಾದ ಚಿಕ್ಕ ಕಲ್ಲೂ, ಇದ್ದಿಲಿನಷ್ಟು ಕಪ್ಪಾದ ದೊಡ್ಡ ಕಲ್ಲೂ ಒಂದೇ ಸಮ ಹೊಳೆಯಬಹುದು. ಇದನ್ನು ಬಿಡಿಸಲು ಕಲ್ಲಿನ ಶಾಖವನ್ನೂ ಅಳೆಯುತ್ತಾರೆ. ಕಪ್ಪು ಕಲ್ಲು ಬಿಸಿಲನ್ನು ಹೀರಿಕೊಂಡು ಕಾಯುತ್ತದೆ, ಕಣ್ಣಿಗೆ ಕಾಣದ ಶಾಖದ ಬೆಳಕಿನಲ್ಲಿ, ಅಂದರೆ ಇನ್‌ಫ್ರಾರೆಡ್‌ನಲ್ಲಿ, ಅದು ಗೊತ್ತಾಗುತ್ತದೆ. ವೆಸ್ಟಾದಂಥ ದೊಡ್ಡದಾದರೆ ಬಾಹ್ಯಾಕಾಶದಲ್ಲಿರುವ ಹಬಲ್ ಟೆಲಿಸ್ಕೋಪ್ ನೇರವಾಗಿ ಅದರ ಆಕಾರವನ್ನೇ ನೋಡಬಲ್ಲದು. 1996ರ ಹಬಲ್ ಚಿತ್ರಗಳಲ್ಲಿ ವೆಸ್ಟಾದ ದಕ್ಷಿಣ ತುದಿ ಕಿತ್ತುಹೋದಂತೆ ಕಂಡಿತ್ತು. ಅಲ್ಲಿ ಭಾರೀ ಕುಳಿ ಇರಬೇಕು ಅಂದರು. 2011ರಲ್ಲಿ ಡಾನ್ ನೌಕೆ ಹೋಗಿ ನೋಡಿದಾಗ ಕುಳಿ ಅಲ್ಲೇ ಇತ್ತು, ಸುಮಾರು 500 ಕಿ.ಮೀ. ಅಗಲ. ಇದನ್ನು ಅತ್ತೆಗೆ ಆಮೇಲೆ ಹೇಳಿದೆ. "ಹಂಗಾದ್ರೆ ಸರಿ" ಅಂದರು.

ಒಂದು ಸೆಕೆಂಡಿಗೆ ಒಂದು ಊರು

ಗಾತ್ರ ಮತ್ತು ಆಕಾರ ಹಿಡಿಯಲು ಇನ್ನೊಂದು ದಾರಿ ಇದೆ. ನನಗೆ ಬಹಳ ಇಷ್ಟವಾದದ್ದು ಅದೇ. ಕಲ್ಲು ಯಾವುದಾದರೂ ನಕ್ಷತ್ರಕ್ಕೆ ಅಡ್ಡ ಬರುವ ಗಳಿಗೆಗೆ ಕಾಯುವುದು. ಕಲ್ಲಿನ ನೆರಳು ಭೂಮಿಯ ಮೇಲೆ ಓಡುತ್ತದೆ. ನೆರಳಿನ ಹಾದಿಯಲ್ಲಿ ನಿಂತವರಿಗೆ ನಕ್ಷತ್ರ ಕ್ಷಣಕಾಲ ಆರಿಹೋಗುತ್ತದೆ. ಸಾಲಾಗಿ ಬೇರೆ ಬೇರೆ ಕಡೆ ನಿಂತವರಿಗೆ ಎಷ್ಟೆಷ್ಟು ಹೊತ್ತು ಆರಿತ್ತು ಅಂತ ಒಟ್ಟುಗೂಡಿಸಿದರೆ ಕಲ್ಲಿನ ಅಂಚು ಸಿಗುತ್ತದೆ. ಎಷ್ಟೇ ದೂರವಿರಲಿ, ನೆರಳಿನ ಅಳತೆ ಕಲ್ಲಿನ ಅಳತೆಯೇ.

2017ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊ ದಾಟಿ, ಈಗ ಆರಕಾತ್ ಅಂತ ಕರೆಯುವ ಕಲ್ಲಿನ ಕಡೆ ಹೊರಟಿತ್ತು. ಲೆಕ್ಕಕ್ಕೆ ಅದು ಕ್ಷುದ್ರಗ್ರಹವಲ್ಲ, ನೆಪ್ಚೂನ್ ಆಚೆಯ ಹಿಮದ ಕಲ್ಲು, ಆದರೆ ಕತೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಸೂರ್ಯನಿಂದ 600 ಕೋಟಿ ಕಿ.ಮೀ.ಗೂ ಆಚೆ ಇರುವ ಈ ಚುಕ್ಕಿ ಹಬಲ್‌ಗೆ ಮಾತ್ರ ಹೇಗೋ ಕಾಣುತ್ತಿತ್ತು. ಜೂನ್ 3ರಂದು ಅರ್ಜೆಂಟೀನಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡು ಕಾದರು. ಯಾರಿಗೂ ನೆರಳು ಸಿಗಲಿಲ್ಲ. ಜುಲೈ 17ಕ್ಕೆ ಇನ್ನೊಂದು ಅವಕಾಶ, ಅರ್ಜೆಂಟೀನಾದ ಪೆಟಗೋನಿಯಾದಲ್ಲಿ, ಕೊಮೊಡೊರೊ ರಿವಡಾವಿಯಾ ಅನ್ನುವ ಊರಿನ ಸುತ್ತಮುತ್ತ. ಅಲ್ಲಿ ಆಗ ಚಳಿಗಾಲ. ಗಾಳಿ ಅಂದರೆ ಟೆಲಿಸ್ಕೋಪ್ ನಡುಗಿಸುವಂಥ ಗಾಳಿ. ಊರಿನವರು ಟೆಲಿಸ್ಕೋಪುಗಳ ಪಕ್ಕ ಲಾರಿಗಳನ್ನು ನಿಲ್ಲಿಸಿ ಗಾಳಿಗೆ ಅಡ್ಡ ಮಾಡಿಕೊಟ್ಟರು. ಬೀದಿ ದೀಪ ಆರಿಸಿದರು. ವಾಹನಗಳ ಬೆಳಕು ಬೀಳಬಾರದು ಅಂತ ರಾಷ್ಟ್ರೀಯ ಹೆದ್ದಾರಿಯನ್ನೇ ಎರಡು ಗಂಟೆ ಬಂದ್ ಮಾಡಿದರು. ಒಂದು ಸೆಕೆಂಡಿನ ಆಸುಪಾಸು ನಡೆಯುವ ಕಣ್ಣುಮಿಟುಕಿಗೆ ಇಷ್ಟು! ನಮ್ಮಲ್ಲಿ ಯಾವುದೋ ಹೆದ್ದಾರಿಯನ್ನು ಒಂದು ನಕ್ಷತ್ರಕ್ಕೋಸ್ಕರ ಬಂದ್ ಮಾಡಿಸಲು ಎಷ್ಟು ಅರ್ಜಿ ಬರೆಯಬೇಕಾದೀತು ಅಂತ ಯೋಚಿಸಿ ನಗು ಬಂತು.

ಇಟ್ಟಿದ್ದು 24 ಟೆಲಿಸ್ಕೋಪು. ನೆರಳು ಸಿಕ್ಕಿದ್ದು ಐದಕ್ಕೆ. ಆ ಐದು ಮಿಟುಕುಗಳನ್ನು ಸೇರಿಸಿ ಅವರು ಹೇಳಿದ್ದು: ಇದು ಉದ್ದನೆಯ ಕಲ್ಲು, ಅಥವಾ ಎರಡು ಕಲ್ಲು ತಾಗಿಕೊಂಡಿವೆ ಇಲ್ಲವೇ ಬಹಳ ಹತ್ತಿರದಲ್ಲಿವೆ. 2019ರ ಜನವರಿ 1ರಂದು ನೌಕೆ ಕಳಿಸಿದ ಚಿತ್ರದಲ್ಲಿ ಎರಡು ಕಲ್ಲು ತಾಗಿಕೊಂಡೇ ಇದ್ದವು. ಐದು ಮಿಟುಕಿನಿಂದ ಇಷ್ಟು ತಿಳಿಯುತ್ತದೆ ಅಂದರೆ ನಂಬಲು ಕಷ್ಟ, ಅಲ್ವಾ?

ಆದರೆ ನಡುವೆ ಒಂದು ಗೊಂದಲ ಇತ್ತು. ಅಷ್ಟು ಉದ್ದದ ಕಲ್ಲು ತಿರುಗಿದರೆ ಬೆಳಕು ಏರಿಳಿಯಲೇಬೇಕು. ನೌಕೆ ಹತ್ತಿರಾಗುತ್ತಿದ್ದರೂ ಏರಿಳಿತ ಕಾಣುತ್ತಲೇ ಇರಲಿಲ್ಲ. ಸುತ್ತ ಧೂಳಿನ ಮೋಡ ಇದೆಯಾ, ಪುಟ್ಟ ಚಂದ್ರಗಳು ಬೆಳಕನ್ನು ಕಲಸುತ್ತಿವೆಯಾ ಅಂತೆಲ್ಲ ಯೋಚಿಸಿದರು. ಕೊನೆಗೆ ನಿಜವಾಗಿದ್ದು ಎಲ್ಲಕ್ಕಿಂತ ಸರಳವಾದದ್ದು. ಅದರ ತಿರುಗುವ ಅಕ್ಷ ಹೆಚ್ಚುಕಮ್ಮಿ ನೌಕೆಯ ಕಡೆಗೇ ಮುಖ ಮಾಡಿತ್ತು. ಕಲ್ಲು ತಿರುಗುತ್ತಿದ್ದರೂ ಕಾಣುವ ಮೈ ಒಂದೇ. ಇನ್ನೂ ಒಂದು ಮಾತು ಉಳಿದಿತ್ತು. ದುಂಡಗಿವೆ ಅಂದುಕೊಂಡಿದ್ದ ಆ ಎರಡು ಕಲ್ಲುಗಳು ಚಪ್ಪಟೆ ಅಂತ ಗೊತ್ತಾಗಿದ್ದು ನೌಕೆ ದಾಟಿಹೋದ ಮೇಲೆ, ತಿರುಗಿ ತೆಗೆದ ಫೋಟೋಗಳಲ್ಲಿ. ಅಲ್ಲೂ ಕೆಲಸಕ್ಕೆ ಬಂದದ್ದು ಕಲ್ಲಿನ ಕತ್ತಲ ಭಾಗ ಯಾವ ಯಾವ ನಕ್ಷತ್ರಗಳನ್ನು ಮರೆಮಾಡಿತು ಅನ್ನುವ ಲೆಕ್ಕ. ಹತ್ತಿರ ಹೋದ ನೌಕೆಯೂ ಕೊನೆಗೆ ಪೆಟಗೋನಿಯಾದವರು ಮಾಡಿದ್ದನ್ನೇ ಮಾಡಿತು.

ಕಾವಲೂರಿನ ಮಂಕು

ನಕ್ಷತ್ರ ಆರುವುದನ್ನು ಕಾಯುವ ಕೆಲಸದಲ್ಲಿ ನಮ್ಮ ಕಡೆಯವರದ್ದೂ ಒಂದು ಕತೆ ಇದೆ. ಅದು ಯುರೇನಸ್ ಗ್ರಹದ್ದು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಒಂದು ಮೀಟರ್ ಟೆಲಿಸ್ಕೋಪಿನಲ್ಲಿ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ನೋಡುತ್ತಿದ್ದರು. ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ ನಕ್ಷತ್ರ ಒಮ್ಮೆ ಮಂಕಾಯಿತು. ಉಪಕರಣದ ತೊಂದರೆ ಅಂತ ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಯುರೇನಸ್‌ಗೆ ಹೊಸದೊಂದು ಉಪಗ್ರಹ ಇದೆ ಅಂತ ಪ್ರಕಟಿಸಿದರು.

ಅದೇ ಹೊತ್ತಿಗೆ ವಿಮಾನದಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡು ನೋಡುತ್ತಿದ್ದ ಅಮೆರಿಕದ ತಂಡಕ್ಕೆ ಗ್ರಹದ ಎರಡೂ ಬದಿಯಲ್ಲಿ ಅಂಥ ಮಂಕು ಹಲವು ಸಲ ಸಿಕ್ಕಿತು. ಒಂದು ಬದಿಯ ಮಂಕಿಗೆ ಇನ್ನೊಂದು ಬದಿಯಲ್ಲಿ ಸರಿಯಾಗಿ ಜೋಡಿ ಇತ್ತು. ಉಪಗ್ರಹ ಹಾಗೆ ಮಾಡುವುದಿಲ್ಲ, ಉಂಗುರ ಮಾಡುತ್ತದೆ. ಯುರೇನಸ್‌ಗೆ ಉಂಗುರಗಳಿವೆ ಅಂತ ಜಗತ್ತಿಗೆ ತಿಳಿದದ್ದು ಹೀಗೆ. ವಾಯೇಜರ್ 2 ನೌಕೆ ಅಲ್ಲಿಗೆ ಹೋದದ್ದು 1986ರ ಜನವರಿಯಲ್ಲಿ. ಒಂಬತ್ತು ವರ್ಷ ಮೊದಲೇ ಕಾವಲೂರಿನ ಗ್ರಾಫಿನಲ್ಲಿ ಒಂದು ಉಂಗುರದ ಗುರುತು ಬಿದ್ದಿತ್ತು. ಇದನ್ನು ಕೆಲವರು ಕೈ ತಪ್ಪಿದ ಅವಕಾಶ ಅಂತ ಮರುಗುತ್ತಾರೆ. ನನಗೆ ಆ ಮರುಕ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಒಂದೇ ಜಾಗದಿಂದ, ಒಂದೇ ಮಂಕು ಸಿಕ್ಕಾಗ ಉಪಗ್ರಹ ಅನ್ನುವುದೇ ನ್ಯಾಯವಾದ ಊಹೆ. ಡಿಂಕಿನೇಶ್ ನೋಡಿದವರೂ ಅದನ್ನೇ ಮಾಡಿದ್ದು. ಏರಿಳಿತ ಕಂಡಿತು, ಇರುವುದು ಒಂದೇ ಕಲ್ಲು ಅಂದುಕೊಂಡಿದ್ದರು, ಏರಿಳಿತವನ್ನು ಅದರ ಲೆಕ್ಕಕ್ಕೆ ಬರೆದರು. ಇಂಥ ಕಡೆ ನಾನು ನೋಡುವುದು, ಕಂಡದ್ದನ್ನು ಕಂಡ ಹಾಗೇ ಬರೆದಿಟ್ಟರೋ ಇಲ್ಲವೋ ಅಂತ. ಬರೆದಿಟ್ಟಿದ್ದರೆ ಮುಂದೆ ಬರುವವರು ಅದನ್ನು ಸರಿಯಾದ ಖಾತೆಗೆ ಹಾಕಿಕೊಳ್ಳಬಹುದು.

ನೌಕೆಗೆ ಕಾಣದ ಅರ್ಧ

ದೂರದಿಂದ ನೋಡಿದ್ದು ಸರಿಯಾಗಿ ಕೂತ ಉದಾಹರಣೆ ಬೇಕೆಂದರೆ ಲುಟೀಷಿಯಾ. 1852ರ ನವೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಹರ್ಮನ್ ಗೋಲ್ಡ್‌ಸ್ಮಿಟ್ ಅನ್ನುವ ಚಿತ್ರಕಾರ ತನ್ನ ಮನೆಯ ಬಾಲ್ಕನಿಯಿಂದ ಕಂಡುಹಿಡಿದದ್ದು. ವೃತ್ತಿ ಬಣ್ಣ ಬಳಿಯುವುದು, ರಾತ್ರಿ ಆಕಾಶ. 2010ರ ಜುಲೈ 10ಕ್ಕೆ ಯುರೋಪಿನ ರೊಸೆಟ್ಟಾ ನೌಕೆ ಧೂಮಕೇತುವಿನ ಕಡೆ ಹೋಗುವ ದಾರಿಯಲ್ಲಿ ಅದನ್ನು ಸೆಕೆಂಡಿಗೆ 15 ಕಿ.ಮೀ. ವೇಗದಲ್ಲಿ ದಾಟಿತು. (ಆ ಚಿತ್ರಗಳಲ್ಲೊಂದರಲ್ಲಿ ಲುಟೀಷಿಯಾದ ಹಿಂದೆ ದೂರದಲ್ಲಿ ಶನಿ ಉಂಗುರದ ಸಮೇತ ಕಾಣುತ್ತದೆ. ಹುಡುಕಿ ನೋಡಿ.) ಅದಕ್ಕೆ ಮೊದಲು ಹವಾಯಿಯ ಕೆಕ್ ಮತ್ತು ಚಿಲಿಯ ವಿಎಲ್‌ಟಿ ಟೆಲಿಸ್ಕೋಪುಗಳು ಗಾಳಿಯ ನಡುಕವನ್ನು ಸರಿಪಡಿಸಿಕೊಂಡು ತೆಗೆದ ಚಿತ್ರಗಳು ಇದ್ದವು. ದಶಕಗಳ ಬೆಳಕಿನ ಗ್ರಾಫುಗಳು ಇದ್ದವು. ಎರಡನ್ನೂ ಸೇರಿಸಿ 124, 101, 93 ಕಿ.ಮೀ. ಅಂತ ಮೂರು ಅಳತೆ ಹೇಳಿದ್ದರು. ನೌಕೆ ಕೊಟ್ಟದ್ದು 121, 101, 75. ಮೊದಲ ಎರಡು ಕಣ್ಣಿಗೊತ್ತಿಕೊಳ್ಳುವ ಹಾಗಿವೆ. ಮೂರನೆಯದು ಜಾರಿತು, ಯಾಕೆಂದರೆ ಚಿತ್ರ ತೆಗೆದಾಗ ಲುಟೀಷಿಯಾದ ಧ್ರುವ ನಮ್ಮ ಕಡೆಗಿತ್ತು. ನೆತ್ತಿಯ ಮೇಲಿನಿಂದ ನೋಡಿದರೆ ಎತ್ತರ ತಿಳಿಯುವುದು ಹೇಗೆ?

ಅದು ಯಾವ ಜಾತಿಯ ಕಲ್ಲು ಅನ್ನುವ ಜಗಳ ಮಾತ್ರ ಟೆಲಿಸ್ಕೋಪಿನಿಂದ ಮುಗಿದಿರಲಿಲ್ಲ. ಕೆಲವರು ಲೋಹದ್ದು ಅಂದರು, ಕೆಲವರು ಇಂಗಾಲದ ಕಲ್ಲು ಅಂದರು. ನೌಕೆ ದಾಟುವಾಗ ಲುಟೀಷಿಯಾ ಅದನ್ನು ಎಷ್ಟು ಎಳೆಯಿತು ಅಂತ ರೇಡಿಯೋದಿಂದ ಅಳೆದು ತೂಕ ಹಿಡಿದರು. ಒಂದು ಘನ ಸೆಂಟಿಮೀಟರಿಗೆ ಸುಮಾರು 3.4 ಗ್ರಾಂ. ಮಾಮೂಲಿ ಇಂಗಾಲದ ಕಲ್ಲಿಗೆ ಇದು ಜಾಸ್ತಿಯಾಯಿತು, ಬರೀ ಲೋಹಕ್ಕೆ ಬಹಳ ಕಡಿಮೆಯಾಯಿತು. ತೂಕ ಅನ್ನುವುದು ಒಂಟಿ ಚುಕ್ಕಿಯ ಬೆಳಕಿನಲ್ಲಿ ಸಿಗುವ ಸಂಗತಿ ಅಲ್ಲ. ಅದಕ್ಕೆ ಹೋಗಲೇಬೇಕು.

ಆದರೆ ರೊಸೆಟ್ಟಾಗೆ ಕಂಡದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮೈ ಮಾತ್ರ. ದಕ್ಷಿಣದ ಭಾಗ ಆಗ ಕತ್ತಲಲ್ಲಿತ್ತು. ಆ ಅರ್ಧದ ಆಕಾರಕ್ಕೆ ಇವತ್ತಿಗೂ ನಂಬುವುದು ಭೂಮಿಯ ಟೆಲಿಸ್ಕೋಪುಗಳ ಲೆಕ್ಕವನ್ನೇ. ನೌಕೆ ಕೆಲವೇ ಗಂಟೆಗಳಲ್ಲಿ ಬಂದು ಹೋಗುತ್ತದೆ, ಆಗ ಯಾವ ಬದಿಗೆ ಬಿಸಿಲಿದೆಯೋ ಅದಷ್ಟೇ ಅದರದ್ದು. ವರ್ಷಗಟ್ಟಲೆ ಬೇರೆ ಬೇರೆ ಕೋನದಿಂದ ನೋಡುವ ಸಾವಧಾನ ಟೆಲಿಸ್ಕೋಪಿಗೆ ಮಾತ್ರ.

ಲೂಸಿ ಈಗ ಗುರುವಿನ ದಾರಿಯಲ್ಲೇ ಸೂರ್ಯನನ್ನು ಸುತ್ತುವ, ಟ್ರೋಜನ್ ಅಂತ ಕರೆಯುವ ಕಲ್ಲುಗಳ ಕಡೆ ಹೋಗುತ್ತಿದೆ. 2027ರ ಆಗಸ್ಟ್‌ನಲ್ಲಿ ಯೂರಿಬೇಟಿಸ್, ಸೆಪ್ಟೆಂಬರ್‌ನಲ್ಲಿ ಪಾಲಿಮೀಲಿ. ಪಾಲಿಮೀಲಿ 2022ರ ಮಾರ್ಚ್‌ನಲ್ಲಿ ಒಂದು ನಕ್ಷತ್ರಕ್ಕೆ ಅಡ್ಡ ಬಂದಾಗ 26 ತಂಡಗಳು ಹಾದಿಯುದ್ದಕ್ಕೂ ಕಾದಿದ್ದವು, ಹವ್ಯಾಸಿಗಳೂ ಇದ್ದರು. 14 ತಂಡಗಳಿಗೆ ನಕ್ಷತ್ರ ಆರಿದ್ದು ಸಿಕ್ಕಿತು. ಅದರಲ್ಲಿ ಎರಡು ತಂಡದವರ ಮಿಟುಕು ಉಳಿದವರ ಜೊತೆ ಹೊಂದಲಿಲ್ಲ. ಪಾಲಿಮೀಲಿಯಿಂದ 200 ಕಿ.ಮೀ. ದೂರದಲ್ಲಿ, ಸುಮಾರು 5 ಕಿ.ಮೀ. ಅಗಲದ ಇನ್ನೇನೋ ಅವರ ನಕ್ಷತ್ರವನ್ನು ಮರೆಮಾಡಿತ್ತು. ಚಂದ್ರ ಅಂತ ತೀರ್ಮಾನಿಸಿದರು, ಸದ್ಯಕ್ಕೆ ಷಾನ್ ಅಂತ ಅಡ್ಡಹೆಸರೂ ಇಟ್ಟರು. ಒಂದೇ ಗ್ರಾಫಿಗೆ ಸಿಕ್ಕ ಕಾವಲೂರಿನ ಮಂಕಿಗಿಂತ ಇದು ಗಟ್ಟಿ. ಇಲ್ಲಿ ಸಾಕ್ಷಿ ಎರಡಿವೆ. ಆದರೂ ನಾನಾಗಿದ್ದರೆ ಅದರ ಆಕಾರದ ಬಗ್ಗೆ ಈಗಲೇ ಏನೂ ಬರೆಯುತ್ತಿರಲಿಲ್ಲ.